ಉತ್ತರಾಧಿಕಾರಿ ಇಲ್ಲದ ಗುರುವಿನ ಊರಲ್ಲಿ

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಚೆಂಗಂ ದಾಟಿದರೆ ತಿರುವಣ್ಣಾಮಲೈ. ಸುಮಾರು 200 ಕಿಲೋಮೀಟರ್. ಊರು ದೂರ ಇರುವಾಗಲೇ ಅರುಣಾಚಲ ಬೆಟ್ಟ ಕಾಣಿಸುತ್ತದೆ. ಹುಣ್ಣಿಮೆಗೆ ಗಿರಿಪ್ರದಕ್ಷಿಣೆಗೆಂದು ಲಕ್ಷಗಟ್ಟಲೆ ಜನ ಸೇರುತ್ತಾರೆ, ಅದಕ್ಕೇ ನಾವು ಬೇಕಂತಲೇ ಬೇರೆ ದಿನ ಹೋದೆವು.

ಮೊದಲು ಅರುಣಾಚಲೇಶ್ವರನ ದೊಡ್ಡ ದೇವಸ್ಥಾನ. ಸಾವಿರ ಕಂಬದ ಮಂಟಪದಲ್ಲಿ ಮೆಟ್ಟಿಲಿಳಿದರೆ ಪಾತಾಳಲಿಂಗ. ಈ ಊರಿನ ಗುರು ರಮಣ ಮಹರ್ಷಿಗಳು ಹುಡುಗನಾಗಿದ್ದಾಗ ಧ್ಯಾನದಲ್ಲಿ ಕೂತಿದ್ದ ಜಾಗ ಇದು. ಹುಳಗಳು ತೊಡೆ ಕಚ್ಚಿ ಗಾಯ ಮಾಡಿದರೂ ಅವರಿಗೆ ಗೊತ್ತಾಗಲಿಲ್ಲವಂತೆ. ಕೊನೆಗೆ ಬೇರೆಯವರೇ ಹೊತ್ತು ಆಚೆ ತಂದರು.

1896ರ ಜುಲೈಯಲ್ಲಿ, ಮದುರೆಯ ಚಿಕ್ಕಪ್ಪನ ಮನೆಯಲ್ಲಿ, 16 ವರ್ಷದ ವೆಂಕಟರಾಮನಿಗೆ (ರಮಣರ ಹುಟ್ಟುಹೆಸರು ಅದು) ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಮಲಗಿ ನೋಡಿದ: ದೇಹ ಸತ್ತರೆ ನಾನೂ ಸಾಯುತ್ತೇನಾ? ಮುಂದಿನ ಬೋಧನೆಯೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಕೆಲವು ವಾರದಲ್ಲಿ ಮನೆ ಬಿಟ್ಟ. ಅಣ್ಣನ ಕಾಲೇಜು ಫೀಸಿನ 5 ರೂಪಾಯಿಯಲ್ಲಿ 3 ತೆಗೆದುಕೊಂಡು, 2 ರೂಪಾಯಿಯನ್ನು ಚೀಟಿಯ ಜೊತೆ ಇಟ್ಟು ಹೋದ. ಮನೆ ಬಿಡುವಾಗಲೂ ಲೆಕ್ಕ ಪಕ್ಕಾ! ಸೆಪ್ಟೆಂಬರ್ 1ಕ್ಕೆ ಇಲ್ಲಿಗೆ ಬಂದವರು 1950ರ ಏಪ್ರಿಲ್ 14ರಂದು ತೀರಿಕೊಳ್ಳುವವರೆಗೂ ಈ ಊರು ಬಿಡಲಿಲ್ಲ.

ಬೆಟ್ಟದ ಬುಡದ ರಮಣಾಶ್ರಮದ ಹಿಂದಿನಿಂದ ಕಲ್ಲುದಾರಿ ಸ್ಕಂದಾಶ್ರಮಕ್ಕೆ ಏರುತ್ತದೆ. ಸ್ವಲ್ಪ ಕೆಳಗೆ ವಿರೂಪಾಕ್ಷ ಗುಹೆ. ಎರಡೂ ರಮಣರು ಮೊದಲು ಇದ್ದ ಜಾಗಗಳು. ಒಳಗೆ ಸೆಕೆ. 1902ರಲ್ಲಿ ಶಿವಪ್ರಕಾಶಂ ಪಿಳ್ಳೈ ಎಂಬುವರು ಇಲ್ಲಿಗೆ ಬಂದು ಪ್ರಶ್ನೆ ಕೇಳಿದಾಗ ರಮಣರು ಮಾತಾಡದೆ ಬರೆದೇ ಉತ್ತರಿಸಿದರು. 'ನಾನು ಯಾರು?' ಎಂಬ ಪುಟ್ಟ ಪುಸ್ತಕ ಆದದ್ದು ಹಾಗೆ. ಉಪಾಯ ಸರಳ. ಯೋಚನೆ ಬಂತಾ? ಯಾರಿಗೆ ಬಂತು ಅಂತ ಕೇಳಿಕೋ. ನನಗೆ. ಹಾಗಾದರೆ ಈ ನಾನು ಯಾರು? ಬಾಯಲ್ಲಿ ಉತ್ತರ ಹೇಳಲು ಅಲ್ಲ, ಗಮನ ಆ 'ನಾನು' ಹುಟ್ಟಿದ ಕಡೆಗೇ ತಿರುಗಲಿ ಅಂತ ಈ ಪ್ರಶ್ನೆ. ನಾನೂ ಕಣ್ಮುಚ್ಚಿ ಕೂತೆ. ಸೊಳ್ಳೆ ಕಚ್ಚಿತು. ಯಾರಿಗೆ ಕಚ್ಚಿತು ಅಂತ ಕೇಳುವ ಮೊದಲೇ ಕೈ ಪಟ್ ಅಂತ ಹೊಡೆದಾಗಿತ್ತು.

ಆಶ್ರಮಕ್ಕೆ ಇಳಿದು ಬಂದೆವು. ಹಳೆಯ ಹಾಲ್‌ನಲ್ಲಿ ಅವರು ಕೂರುತ್ತಿದ್ದ ಸೋಫಾ ಇದೆ, ಸುತ್ತ ಜನ ಸುಮ್ನೆ ಕೂತಿರುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅಡುಗೆಮನೆಯ ಕಥೆಗಳು. ಬೆಳಗಿನ ಜಾವಕ್ಕೇ ಎದ್ದು ಮಹರ್ಷಿಗಳು ತರಕಾರಿ ಹೆಚ್ಚುತ್ತಿದ್ದರು. ತಮ್ಮ ಎಲೆಗೆ ಬೇರೆಯವರಿಗಿಂತ ಒಂಚೂರು ಹೆಚ್ಚು ಬಡಿಸಿದರೂ ಬೈಗುಳ ಗ್ಯಾರಂಟಿ. ಆಶ್ರಮದ ಹಸು ಲಕ್ಷ್ಮಿ 1948ರಲ್ಲಿ ಸತ್ತಾಗ ಸಮಾಧಿಯನ್ನೇ ಕಟ್ಟಿಸಿದರು, ಈಗಲೂ ಇದೆ. ಎಲ್ಲವೂ ಒಂದೇ, ಎರಡಿಲ್ಲ ಅನ್ನುವ ಅದ್ವೈತದ ಮಾತು ಪಂಕ್ತಿಗೂ ಕೊಟ್ಟಿಗೆಗೂ ಬಂದಿತ್ತು.

ಇಂಗ್ಲಿಷ್ ಲೇಖಕ ಪಾಲ್ ಬ್ರಂಟನ್ 1934ರ ತಮ್ಮ ಪುಸ್ತಕದಲ್ಲಿ ರಮಣರ ಬಗ್ಗೆ ಬರೆದ ಮೇಲೆ ವಿದೇಶದವರು ಹುಡುಕಿಕೊಂಡು ಬರತೊಡಗಿದರು. ರಮಣರು ವಿಧಿಪೂರ್ವಕ ದೀಕ್ಷೆ ಕೊಡಲಿಲ್ಲ. 1938ರ ಉಯಿಲಿನಲ್ಲಿ ಆಶ್ರಮದ ಆಡಳಿತ ಯಾರಿಗೆ ಅಂತ ಬರೆಸಿದರು, ಆದರೆ ಗುರುವಿನ ಜಾಗಕ್ಕೆ ಯಾರನ್ನೂ ಕೂರಿಸಲಿಲ್ಲ. ಹಾಗಾಗಿ ಆ ಜಾಗಕ್ಕೆ ಈಗ ತುಂಬಾ ಜನ! ಆಶ್ರಮದ ಸುತ್ತಮುತ್ತ ಸತ್ಸಂಗದ ಪೋಸ್ಟರ್‌ಗಳು. ಒಳ್ಳೆಯವರೂ ಇರಬಹುದು. ಆದರೆ 'ನೀನು ಆಗಲೇ ಬ್ರಹ್ಮ, ಮಾಡೋಕೆ ಏನೂ ಇಲ್ಲ' ಅಂತ ಒಂದು ಗಂಟೆಯಲ್ಲಿ ಮುಗಿಸುವುದು ನನಗೆ ಒಗ್ಗುವುದಿಲ್ಲ. ರಮಣರು 'ನಾನು ಯಾರು' ಅಂತ ವಿಚಾರ ಮಾಡು, ಇಲ್ಲದಿದ್ದರೆ ದೇವರಿಗೆ ಶರಣಾಗು ಅಂದರು. ಎರಡೂ ಸುಲಭವಲ್ಲ, ಅಲ್ವಾ? ಜಪ, ಪ್ರದಕ್ಷಿಣೆ ಮಾಡುವವರನ್ನೂ ಅವರು ತಡೆಯಲಿಲ್ಲ. 1926ರವರೆಗೆ ತಾವೇ ಬೆಟ್ಟ ಸುತ್ತುತ್ತಿದ್ದರು.

ಮರುದಿನ ನಾವೂ ಬರಿಗಾಲಲ್ಲಿ ಹೊರಟೆವು. ದಾರಿ 14 ಕಿಲೋಮೀಟರ್. ಎಂಟು ದಿಕ್ಕಿನ ಲಿಂಗಗಳ ಮುಂದೆ ನಿಂತು ಹೋದರೆ ನಾಲ್ಕು ಗಂಟೆಯಾದರೂ ಬೇಕು. ಬಿಸಿಲೇರಿದರೆ ಡಾಂಬರು ಸುಡುತ್ತದೆ, ನಸುಕಿನಲ್ಲೇ ಹೊರಡಿ.