ಒಂದೇ ಮೇಜಿನ ಮೇಲೆ ಎಲ್ಲ ಚೀಟಿಗಳು

ಇಂದು ಮಂಡ್ಯದಲ್ಲಿ ಅತ್ತೆಯವರನ್ನು ಹೊಸ ವೈದ್ಯೆಯೊಬ್ಬರಿಗೆ ತೋರಿಸಿದೆವು. ಸಕ್ಕರೆ ಕಾಯಿಲೆಗೆ ಒಬ್ಬರು, ರಕ್ತದೊತ್ತಡಕ್ಕೆ ಮತ್ತೊಬ್ಬರು, ಮಂಡಿನೋವಿಗೆ ಇನ್ನೊಬ್ಬರು ಬರೆದುಕೊಟ್ಟಿದ್ದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಓದಿದ ಅವರು, ನೋವಿನ ಮಾತ್ರೆಯೇ ರಕ್ತದೊತ್ತಡವನ್ನು ಏರಿಸುತ್ತಿರಬಹುದು, ಮೂತ್ರಪಿಂಡಕ್ಕೂ ಅದು ಒಳ್ಳೆಯದಲ್ಲ ಎಂದು ಹೇಳಿ ಆ ಮಾತ್ರೆಯನ್ನು ನಿಲ್ಲಿಸಿದರು. ಬಳಿಕ ರಾತ್ರಿ ಎಷ್ಟು ಸಲ ಏಳುತ್ತೀರಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ, ಊಟಕ್ಕೆ ಒಬ್ಬರೇ ಕೂರುತ್ತೀರಾ ಎಂದೂ ವಿಚಾರಿಸಿದರು. (ಕೊನೆಯ ಪ್ರಶ್ನೆಗೆ ಅತ್ತೆ ನನ್ನ ಮುಖ ನೋಡಿದರು.)

ಶಾಲೆಯಲ್ಲಿ ಗಣಿತದ ಮೇಷ್ಟ್ರು ದಡ್ಡನೆಂದು ಕೈಬಿಟ್ಟ ಹುಡುಗನಿಗೆ ಬೋರ್ಡೇ ಸರಿಯಾಗಿ ಕಾಣುತ್ತಿಲ್ಲವೆಂಬುದು, ಎಲ್ಲ ಶಿಕ್ಷಕರೂ ಒಟ್ಟಿಗೆ ಕೂತು ಅವನ ವಿಷಯ ಮಾತಾಡಿದಾಗಲೇ ತಿಳಿಯುವುದುಂಟು. ಶಿಕ್ಷಕರಾದ ನಮಗೆ ಹಾಗೆ ಕೂರಲು ಸ್ಟಾಫ್ ರೂಮಾದರೂ ಇದೆ. ಅತ್ತೆಯ ವೈದ್ಯರು ಒಬ್ಬರ ಮುಖ ಒಬ್ಬರು ನೋಡಿದಂತಿಲ್ಲ.