ಮೊಬೈಲ್ ಬಿಡಿಸೋದು ಹೇಗೆ ಅಂತ ಕೇಳುವವರಿಗೆ

ನಾನು ಪಿಯು ಕಾಲೇಜೊಂದರಲ್ಲಿ ಕೌನ್ಸೆಲರ್. ಅದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ: "ಮಗ ಮೂರು ಹೊತ್ತೂ ಮೊಬೈಲಲ್ಲೇ ಇರ್ತಾನೆ, ಬಿಡಿಸೋದು ಹೇಗೆ?" ಬಸ್ಸಲ್ಲಿ, ತರಕಾರಿ ಅಂಗಡಿ ಮುಂದೆ, ಎಲ್ಲ ಕಡೆ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಈ ಲಿಂಕ್ ಕಳಿಸುತ್ತೇನೆ.

ನನಗೆ ಬಿಡಿಸೋಕೆ ಬರುವುದಿಲ್ಲ. ಬೇಜಾರಾಯ್ತಾ? ಆಗಲಿ.

ಸಂಬಂಧಿಕರ ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೋಸಂಬರಿ ಬೀಳುವ ಮೊದಲೇ ಶುರು ಮಾಡಿದರು. "ಹತ್ತನೇ ಕ್ಲಾಸಲ್ಲಿ 94 ಪರ್ಸೆಂಟ್ ಮೇಡಂ, ಈಗ ರಾತ್ರಿಯೆಲ್ಲ ಗೇಮು. ಹಾಳಾಗಿ ಹೋದ." ಆ ಹಾಳಾಗಿ ಹೋದವನು ಅವರ ಆಚೆ ಬದಿಯಲ್ಲೇ ಕೂತು ಎಲೆ ತುದಿಯ ಉಪ್ಪನ್ನು ಬೆರಳಲ್ಲಿ ಹರಡುತ್ತಿದ್ದ. ಪಲ್ಯದ ಬಕೆಟ್ ಹಿಡಿದ ಹುಡುಗ ನಿಂತು ಕೇಳಿಸಿಕೊಂಡು, "ವೈಫೈ ಪಾಸ್‌ವರ್ಡ್ ಚೇಂಜ್ ಮಾಡಿ ಸಾರ್" ಅಂತ ಸಲಹೆಯನ್ನೂ ಬಡಿಸಿ ಹೋದ.

ಕೈ ತೊಳೆಯುವ ಹತ್ತಿರ ಮಗನನ್ನು ಮಾತಾಡಿಸಿದೆ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ಅವನ ಕಾಲೇಜಲ್ಲಿ ಟೆಸ್ಟ್ ಮಾರ್ಕ್ಸ್ ನೋಡಿ ಸೆಕ್ಷನ್ ಬದಲಿಸುತ್ತಾರೆ. ಆಗಸ್ಟಲ್ಲಿ ಇವನನ್ನು ಕೆಳಗಿನ ಸೆಕ್ಷನ್ನಿಗೆ ಹಾಕಿದರು. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ. ಗೇಮ್ ಶುರುವಾದದ್ದು ದಸರಾ ರಜೆಯಲ್ಲಿ. "ಆಡುವಾಗ ಟೆಸ್ಟ್ ನೆನಪಾಗಲ್ಲ ಆಂಟಿ" ಅಂದ. ನಡುವಿನ ದಿನಗಳು ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ, ಯಾಕಂದ್ರೆ ಆಗ ರಾತ್ರಿ ಎರಡು ಗಂಟೆಗೆ ಅವನ ಕೈಯಲ್ಲಿದ್ದದ್ದು ಫಿಸಿಕ್ಸ್ ಪುಸ್ತಕ. ಪುಸ್ತಕ ಹಿಡಿದು ನಿದ್ದೆಗೆಟ್ಟರೆ ನಮ್ಮಲ್ಲಿ ಅದಕ್ಕೆ ಶ್ರದ್ಧೆ ಅಂತಾರೆ.

ಒಬ್ಬರಾದರೂ "ಮೊಬೈಲಿಗಿಂತ ಮೊದಲು ಏನಾಗಿತ್ತು?" ಅಂತ ಕೇಳಬಾರದಾ? ಉತ್ತರ ಯಾವಾಗಲೂ ಹೀಗೇ ಇರಲ್ಲ. ಆಡಿ ಆಡಿ ನಿದ್ದೆ ಕೆಟ್ಟು, ಆಮೇಲೆ ಮನಸ್ಸು ಕುಗ್ಗುವವರೂ ಇದ್ದಾರೆ. ಒಂದು ಇನ್ನೊಂದನ್ನು ಜಾಸ್ತಿ ಮಾಡುತ್ತಾ ಹೋಗುತ್ತೆ. ತುಟಿಯೊಳಗೆ ತಂಬಾಕಿನ ಪೊಟ್ಟಣ ಇಟ್ಟುಕೊಳ್ಳುವ ಹುಡುಗರ ಕಥೆಯೂ ಹೆಚ್ಚು ಕಡಿಮೆ ಇದೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆ ಇತ್ತು. ಅಂದರೆ ದೊಡ್ಡದೊಂದು ಕ್ಲಾಸ್‌ರೂಮಿನಲ್ಲಿ ನಾಲ್ಕೈದು ಮಕ್ಕಳು.

ಇನ್ನು, ಜಾಸ್ತಿ ಆಡುವವರೆಲ್ಲ ಅಡಿಕ್ಟ್ ಅಲ್ಲ. ಹಾಗನ್ನಬೇಕಾದರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಪ್ರಕಾರ ಹಿಡಿತ ತಪ್ಪಿರಬೇಕು, ಬೇರೆಲ್ಲ ಹಿಂದೆ ಸರಿದಿರಬೇಕು, ತೊಂದರೆ ಆಗುತ್ತಿದ್ದರೂ ಆಟ ನಿಂತಿರಬಾರದು, ಅದೂ ಸಾಮಾನ್ಯವಾಗಿ 12 ತಿಂಗಳು. ಅದನ್ನು ಹೇಳಬೇಕಾದವರು ಡಾಕ್ಟರ್. ನೀವಲ್ಲ, ಪಲ್ಯ ಬಡಿಸುವವನೂ ಅಲ್ಲ.

ನಿಮ್ಹಾನ್ಸಲ್ಲಿ 2014ರಿಂದ ಇದಕ್ಕೇ ಅಂತ 'ಷಟ್' ಕ್ಲಿನಿಕ್ ಇದೆ. ಬೆಂಗಳೂರು ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಹುಡುಗನಿಗೇ ಕೊಡಿ. ಕರೆ ಮಾಡೋಕೆ ಅವನ ಹತ್ತಿರ ಫೋನ್ ಇರಬೇಕಾಗುತ್ತೆ, ಅದೂ ನೆನಪಿರಲಿ.