ಪೆಟ್ರೊಗ್ರಾಡಿನ ಬಾಲ

ರಷ್ಯನ್ನಲ್ಲಿ ಕ್ಯೂಗೆ ಓಚೆರೆದ್ ಅಂತಾರೆ. ಆದ್ರೆ 1916-17ರ ಚಳಿಗಾಲದಲ್ಲಿ ಬ್ರೆಡ್ ಅಂಗಡಿ ಮುಂದೆ ಬೆಳಗಿನ ಜಾವದಿಂದ ನಿಂತಿರ್ತಿದ್ದ ಹೆಂಗಸರ ಸಾಲಿಗೆ ಪೆಟ್ರೊಗ್ರಾಡಿನ (ಆಗಿನ ರಷ್ಯಾದ ರಾಜಧಾನಿ, ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಜನ ಹೇಳ್ತಿದ್ದಿದ್ದು ಖ್ವೊಸ್ತ್ ಅಂತ, ಅಂದ್ರೆ ಬಾಲ. ಈ ಪದ ಮೊದಲ ಸಲ ಓದ್ದಾಗ ನಂಗೆ ಥಟ್ಟಂತ ನೆನಪಾಗಿದ್ದು ಹನುಮಂತನ ಬಾಲ. ಉದ್ದಕ್ಕೂ ಹೌದು, ಊರು ಸುಟ್ಟಿದ್ದಕ್ಕೂ ಹೌದು.

ನಾನು ಡಿಗ್ರಿ ಕಾಲೇಜಲ್ಲಿ ಇತಿಹಾಸ ಪಾಠ ಮಾಡೋಳು. ರಷ್ಯನ್ ಕ್ರಾಂತಿ ಸಿಲಬಸ್ಸಲ್ಲಿ ಇದೆ, ಜಾರ್, ರಾಸ್ಪುಟಿನ್, ಲೆನಿನ್, ಅರೋರಾ ಹಡಗು, ಅಷ್ಟು ಹೇಳಿ ಮುಂದಿನ ಪಾಠಕ್ಕೆ ಹೋಗ್ಬೇಕು. ಪಿಎಚ್‌ಡಿಗೆ ವಿಷಯ ಹುಡುಕ್ತಿದ್ದಾಗ ಜಾರನ ಗುಪ್ತ ಪೊಲೀಸರ, ಅಂದ್ರೆ ಓಖ್ರಾನಾದ ಒಂದು ವರದಿ ಕಣ್ಣಿಗೆ ಬಿತ್ತು, ಕ್ರಾಂತಿಗೆ ಸ್ವಲ್ಪ ಮುಂಚೆ ಬರೆದಿದ್ದು. ಕ್ಯೂಲಿ ನಿಂತೂ ನಿಂತೂ ಸೋತು ಹೋಗಿರೋ, ಮನೇಲಿ ಹಸಿದ ಮಕ್ಕಳ ಮುಖ ನೋಡಿ ಸಂಕಟ ಪಡ್ತಿರೋ ತಾಯಂದಿರು, ಮಿಲ್ಯುಕೊವ್ ಥರದ ದೊಡ್ಡ ರಾಜಕಾರಣಿಗಳಿಗಿಂತ ಕ್ರಾಂತಿಗೆ ಹತ್ತಿರ ಇದಾರೆ, ಅವರಿಗಿಂತ ಇವರಿಂದಲೇ ಹೆಚ್ಚು ಅಪಾಯ ಅನ್ನೋ ಅರ್ಥದ ಮಾತು ಅದರಲ್ಲಿತ್ತು. ಬರೆದೋನು ಪೊಲೀಸ್ ಇಲಾಖೆಯೋನು, ಕ್ರಾಂತಿ ತಡೆಯೋದೇ ಅವನ ಕೆಲಸ, ಆದ್ರೂ ಕಂಡಿದ್ದನ್ನ ಕಂಡ ಹಾಗೆ ಬರ್ದಿದಾನೆ. ನಾನು ಚಿಕ್ಕೋಳಿದ್ದಾಗ ಅಮ್ಮನ ಜೊತೆ ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯಾನ್ ಹಿಡ್ಕೊಂಡು ನಿಂತಿದೀನಿ, ಸ್ಟಾಕ್ ಮುಗೀತು ಅಂತ ಬಾಗಿಲು ಎಳೆದಾಗ ಹೆಂಗಸರ ಬಾಯಿಂದ ಎಂಥ ಮಾತು ಬರುತ್ತೆ ಅಂತ ಕೇಳಿದೀನಿ. ಹಂಗಾಗಿ ಆ ವರದಿ ನಂಗೆ ಪರದೇಶದ ಕಾಗದ ಅನ್ನಿಸ್ಲೇ ಇಲ್ಲ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ರಷ್ಯನ್ ಕಲ್ತೆ. ಕೊರೋನಾಕ್ಕೆ ಮುಂಚೆ ಒಂದು ಮಾರ್ಚಲ್ಲಿ ಇಪ್ಪತ್ತು ದಿನ ರಜೆ ಹಾಕಿ, ಆರ್ಕೈವ್ ಕೇಳೋ ಯೂನಿವರ್ಸಿಟಿ ಪತ್ರ ಮಾಡಿಸ್ಕೊಂಡು ಪೀಟರ್ಸ್‌ಬರ್ಗಿಗೆ ಹೊರಟೆ.

ಉಳ್ಕೊಂಡಿದ್ದು ಪ್ಲೊಶ್ಚಾದ್ ವಸ್ತಾನಿಯಾ ಹತ್ರ ಒಂದು ಹಾಸ್ಟೆಲಲ್ಲಿ. ವಸ್ತಾನಿಯಾ ಅಂದ್ರೆ ದಂಗೆ. 1917ರಲ್ಲಿ ಇದರ ಹೆಸರು ಜ್ನಾಮೆನ್‌ಸ್ಕಾಯಾ ಚೌಕ, ಇಲ್ಲೊಂದು ಚರ್ಚಿತ್ತು, ಅದನ್ನ ಕೆಡವಿ ಆ ಜಾಗದಲ್ಲೇ ಮೆಟ್ರೋ ಸ್ಟೇಷನ್ ಕಟ್ಟಿ 1955ರಲ್ಲಿ ಶುರು ಮಾಡಿದ್ರು. ಹಳೇ ಲೆಕ್ಕದ, ಅಂದ್ರೆ ಆಗ ರಷ್ಯಾದಲ್ಲಿದ್ದ, ನಮ್ಮದಕ್ಕಿಂತ ಹದಿಮೂರು ದಿನ ಹಿಂದಿನ ಕ್ಯಾಲೆಂಡರಿನ ಫೆಬ್ರವರಿ 26ರ ಭಾನುವಾರ ಸೈನಿಕರು ಜನರ ಮೇಲೆ ಗುಂಡು ಹಾರಿಸಿದ್ದು ಇಲ್ಲೇ. ಮಾರನೇ ದಿನ ಬೆಳಿಗ್ಗೆ ಅದೇ ವೊಲಿನ್‌ಸ್ಕಿ ರೆಜಿಮೆಂಟಿನ ಸೈನಿಕರು ಇನ್ನು ನಾವು ಗುಂಡು ಹಾರಿಸಲ್ಲ ಅಂತ ತಿರುಗಿಬಿದ್ರು, ಅಲ್ಲಿಗೆ ಜಾರನ ಕಥೆ ಮುಗೀತು ಅಂತ್ಲೇ ಲೆಕ್ಕ. ನಾನು ಮೊದಲ ಸಂಜೆ ಹೋಗಿ ನಿಂತಾಗ ಜನ ಮೊಬೈಲ್ ನೋಡ್ಕೊಂಡು, ಕೈಲಿ ಹೂವಿನ ಕಟ್ಟು ಹಿಡ್ಕೊಂಡು ಮೆಟ್ರೋ ಒಳಗೆ ಇಳೀತಿದ್ರು.

ರಷ್ಯಾದ ಸರ್ಕಾರಿ ಐತಿಹಾಸಿಕ ಆರ್ಕೈವ್ ಮುಂಚೆ ನೆವಾ ನದಿ ದಡದ ಸೆನೆಟ್, ಸಿನೊಡ್ ಕಟ್ಟಡದಲ್ಲಿತ್ತು, ಈಗ ಊರಿನ ಇನ್ನೊಂದು ಕಡೆ ಜಾನೆವ್‌ಸ್ಕಿ ರಸ್ತೇಲಿದೆ. 60 ಲಕ್ಷಕ್ಕೂ ಹೆಚ್ಚು ಫೈಲ್. ಜಾರ್ ಕಾಲದ ಮಂತ್ರಾಲಯಗಳು ಬರೆದಿದ್ದು, ಪಡೆದಿದ್ದು, ಮುಚ್ಚಿಟ್ಟಿದ್ದು ಎಲ್ಲಾ ಇಲ್ಲಿ. ಕೋಟು, ಬ್ಯಾಗು ಕೆಳಗೆ ಕೊಟ್ಟು ಹೋಗ್ಬೇಕು. ಕೋಟು ಕೊಡೋ ಕಡೆ ನಾಲ್ಕೈದು ಜನ ಅಲ್ಲಲ್ಲಿ ನಿಂತಿದ್ರು, ಸಾಲು ಅಂತ ಕಾಣ್ತಾನೇ ಇರ್ಲಿಲ್ಲ, ಹೊಸದಾಗಿ ಬಂದ ಒಬ್ರು "ಕ್ತೋ ಪಸ್ಲೇದ್ನಿ?" ಅಂದ್ರು, ಅಂದ್ರೆ ಕೊನೇಲಿ ಯಾರಿದೀರಿ ಅಂತ. ಇನ್ನೊಬ್ರು ಕೈ ಎತ್ತಿದ್ರು. ಅಷ್ಟೇ, ಕ್ಯೂ ಆಯ್ತು. ನಮ್ಮಲ್ಲಿ ಕಲ್ಲೋ ಚೀಲವೋ ಇಟ್ಟು ಜಾಗ ಹಿಡಿಯೋ ಹಾಗೆ ಅಲ್ಲಿ ಮಾತಲ್ಲಿ ಹಿಡೀತಾರೆ.

ಅಲ್ಲಿನ ಲೆಕ್ಕಾಚಾರ ಮೊದಲು ಫೊಂದ್ ಅಂದ್ರೆ ಒಂದು ಸಂಗ್ರಹ, ಅದರೊಳಗೆ ಓಪಿಸ್, ಅದರೊಳಗೆ ದೇಲೊ ಅಂದ್ರೆ ಫೈಲ್. ಓಪಿಸ್ ಅಂದ್ರೆ ಯಾವ ಯಾವ ಫೈಲ್ ಇದೆ ಅನ್ನೋ ಪಟ್ಟಿ, ಅದು ಕೈಗೆ ಸಿಕ್ಕಿದ್ರೆ ಸಂಶೋಧಕರಿಗೆ ಅರ್ಧ ಕೆಲಸ ಆದ ಹಾಗೆ. ಸೋವಿಯತ್ ಕಾಲದಲ್ಲಿ ಹೊರದೇಶದವರಿಗೆ ಈ ಪಟ್ಟಿನೇ ತೋರಿಸ್ತಿರ್ಲಿಲ್ಲ. ನೀವು ವಿಷಯ ಹೇಳ್ಬೇಕು, ಅವರು ಯಾವುದು ಕೊಡಬಹುದು ಅಂತ ತೀರ್ಮಾನ ಮಾಡಿ ತಂದು ಕೊಡ್ತಿದ್ರು, ಊಟದ ಮೆನು ಇಲ್ಲದ ಹೋಟೆಲಲ್ಲಿ ಕೂತ ಹಾಗೆ. ಅಂಥ ಪರಿಸ್ಥಿತಿಲೂ 70ರ ದಶಕದಲ್ಲಿ ಕೆಲವರು ಫ್ಯಾಕ್ಟರಿ ಕಾರ್ಮಿಕರ, ಸೈನಿಕರ ಇತಿಹಾಸ ಬರೆದ್ರು ಅಂದ್ರೆ ನಂಗೆ ನಿಜವಾಗ್ಲೂ ಗೌರವ. ಅಲೆಕ್ಸಾಂಡರ್ ರಬಿನೋವಿಚ್ ಅನ್ನೋ ಅಮೆರಿಕನ್ ಇತಿಹಾಸಕಾರ ಅಕ್ಟೋಬರ್ ಬಗ್ಗೆ, ಅಂದ್ರೆ 1917ರ ಎರಡನೇ ಕ್ರಾಂತಿಲಿ ಲೆನಿನ್ನರ ಬೊಲ್ಶೆವಿಕ್ ಪಾರ್ಟಿ ಅಧಿಕಾರ ಹಿಡಿದಿದ್ದರ ಬಗ್ಗೆ ಬರೆದಿದ್ದು 1976ರಲ್ಲಿ, ಬಹುಪಾಲು ಪತ್ರಿಕೆ, ಪ್ರಕಟವಾದ ದಾಖಲೆ, ನೆನಪಿನ ಬರಹ ಇಟ್ಕೊಂಡೇ. ಅಕ್ಟೋಬರ್ ಬರೀ ನಾಲ್ಕು ಜನರ ಪಿತೂರಿನೂ ಅಲ್ಲ, ಮಿಲಿಟರಿ ಶಿಸ್ತಿನ ಪಾರ್ಟಿಯ ಕೈಚಳಕನೂ ಅಲ್ಲ, ಕೆಳಗಿಂದ ಜನರ ಒತ್ತಡ ಇತ್ತು ಅಂತ ತೋರಿಸಿದ್ರು.

ನಾನು ಕೇಳಿದ್ದು ಆಹಾರ ಸರಬರಾಜಿನ ವಿಶೇಷ ಸಮಿತಿ ಕಾಗದಗಳು. ಅದರಲ್ಲಿ ಕ್ರಾಂತಿ ಅನ್ನೋ ಮಾತೇ ಇಲ್ಲ. ಬರೀ ಟೆಲಿಗ್ರಾಂ. ಹಿಟ್ಟು ಎಷ್ಟು ಬಂತು, ವ್ಯಾಗನ್ ಎಲ್ಲಿ ನಿಂತಿದೆ, ಇಂಜಿನ್ ಯಾಕಿಲ್ಲ. 20 ಲಕ್ಷಕ್ಕೂ ಹೆಚ್ಚು ಜನ ಇದ್ದ ಊರು, ಸುತ್ತಮುತ್ತ ಬೆಳೆ ಅಷ್ಟಕ್ಕಷ್ಟೇ, ಧಾನ್ಯ ದೂರದ ದಕ್ಷಿಣದಿಂದ, ವೋಲ್ಗಾ ಕಡೆಯಿಂದ ರೈಲಲ್ಲಿ ಬರ್ಬೇಕು, ರೈಲೆಲ್ಲಾ ಯುದ್ಧಕ್ಕೆ ಮೀಸಲು, ಅದರ ಮೇಲೆ ಆ ವರ್ಷ ಭಯಂಕರ ಚಳಿ, ನೀರು ಹೆಪ್ಪುಗಟ್ಟಿ ಪೈಪ್ ಒಡೆದು ಸಾವಿರಕ್ಕೂ ಹೆಚ್ಚು ಇಂಜಿನ್ ಕೆಟ್ಟು ನಿಂತ್ವು. ರೈತರೂ ಧಾನ್ಯ ಹಿಡಿದಿಟ್ಕೊಂಡಿದ್ರು, ಕಾಗದದ ರೂಬಲ್ ತಗೊಂಡು ಏನ್ ಕೊಳ್ಳೋದು, ಅಂಗಡೀಲಿ ಸಾಮಾನೇ ಇಲ್ಲ. ಹಿಟ್ಟು ಪೂರ್ತಿ ಖಾಲಿ ಆಗಿರ್ಲಿಲ್ಲ, ಅದೇ ವಿಚಿತ್ರ. ಬ್ರೆಡ್ಡಿಗೆ ರೇಷನ್ ಬರುತ್ತೆ ಅನ್ನೋ ಸುದ್ದಿ ಫೆಬ್ರವರಿಲಿ ಹಬ್ಬಿದ ಕೂಡ್ಲೇ ಜನ ಸಿಕ್ಕಿದ್ದೆಲ್ಲಾ ಕೊಂಡಿಟ್ಕೊಳ್ಳೋಕೆ ಓಡಿದ್ರು, ಬಾಲ ಇನ್ನೂ ಉದ್ದ ಆಯ್ತು. ಹಳೇ ರಷ್ಯನ್ ಲಿಪಿ, 1918ರ ಸುಧಾರಣೆಲಿ ತೆಗೆದು ಹಾಕಿದ ಅಕ್ಷರಗಳು, ಅದನ್ನ ಓದೋದೇ ನಂಗೆ ಒಂದು ಯುದ್ಧ, ಒಂದು ದಿನಕ್ಕೆ ಹದಿನೈದು ಹಾಳೆ ಆದ್ರೆ ಹೆಚ್ಚು.

ಮಾರ್ಚ್ 8ಕ್ಕೆ ಅಲ್ಲಿ ಸರ್ಕಾರಿ ರಜೆ, ಮಹಿಳಾ ದಿನ. ಊರು ತುಂಬಾ ಟ್ಯುಲಿಪ್, ಹಳದಿ ಮಿಮೋಸಾ. ಈ ರಜೆಯ ಹಿಂದಿನ ಕಥೆನೇ ನನ್ನ ವಿಷಯ, ಯಾಕಂದ್ರೆ ಹಳೇ ಕ್ಯಾಲೆಂಡರಿನ ಫೆಬ್ರವರಿ 23 ಅಂದ್ರೆ ನಮ್ಮ ಮಾರ್ಚ್ 8. ಬೆಳಿಗ್ಗೆನೇ ಎದ್ದು ನೆವಾ ಆಚೆ ವೀಬೋರ್ಗ್ ಕಡೆ ಹೋದೆ. ಬೊಲ್ಶೊಯ್ ಸಾಂಪ್ಸೊನಿಯೆವ್‌ಸ್ಕಿ ರಸ್ತೇಲಿ ಹಳೇ ಕೆಂಪು ಇಟ್ಟಿಗೆಯ ಮಿಲ್ ಕಟ್ಟಡಗಳು ಇನ್ನೂ ನಿಂತಿವೆ. 1917ರ ಆ ಗುರುವಾರ ಇಲ್ಲಿನ ಬಟ್ಟೆ ಮಿಲ್ಲಿನ ಹೆಂಗಸರು ಕೆಲಸ ಬಿಟ್ಟು ಹೊರಗೆ ಬಂದು, ಪಕ್ಕದ ಲೋಹದ ಫ್ಯಾಕ್ಟರಿ ಕಿಟಕಿಗೆ ಹಿಮದುಂಡೆ ಎಸೆದು ಗಂಡಸರನ್ನ ಹೊರಗೆ ಕರೆದ್ರು. ಬೇಕಾಗಿದ್ದು ಬ್ರೆಡ್. ಹಿಂದಿನ ರಾತ್ರಿ ಕಯೂರೊವ್ ಅನ್ನೋ ಬೊಲ್ಶೆವಿಕ್ ಕಾರ್ಮಿಕ ನಾಯಕ ಈ ಹೆಂಗಸರಿಗೆ ಈಗ ಮುಷ್ಕರ ಬೇಡ, ಪಾರ್ಟಿ ಹೇಳಿದ ಹಾಗೆ ಕೇಳಿ ಅಂತ ಬುದ್ಧಿ ಹೇಳಿ ಬಂದಿದ್ದ. ಬೆಳಿಗ್ಗೆ ಅವರು ಬೀದಿಗಿಳಿದಿದ್ದು ಗೊತ್ತಾಗಿ ಸಿಟ್ಟು ಬಂತು ಅಂತ ಆಮೇಲೆ ಅವನೇ ಬರ್ದಿದಾನೆ.

ಲಿತೇಯ್ನಿ ಸೇತುವೆ ತನಕ ನಡ್ಕೊಂಡು ಬಂದೆ. ಆವತ್ತು ಪೊಲೀಸರು ಸೇತುವೆ ಅಡ್ಡಗಟ್ಟಿದ್ರು. ಜನ ಏನ್ ಮಾಡಿದ್ರು ಅಂದ್ರೆ ಕೆಳಗಿಳಿದು ಹೆಪ್ಪುಗಟ್ಟಿದ ನದಿ ಮೇಲೇ ನಡೆದು ಆಚೆ ದಾಟಿದ್ರು. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ, ಆದ್ರೆ ನೆವಾ ಅಷ್ಟು ಅಗಲ ಅಂತ ಗೊತ್ತಿರ್ಲಿಲ್ಲ ನೋಡಿ! ಗಾಳಿ ಮುಖಕ್ಕೆ ಚಾಕು ಹಾಕಿದ ಹಾಗೆ. ಅಂಥ ಬಯಲಲ್ಲಿ, ಬಚ್ಚಿಟ್ಕೊಳ್ಳೋಕೆ ಒಂದು ಕಂಬ ಕೂಡ ಇಲ್ಲದ ಕಡೆ, ಆಚೆ ದಡದಲ್ಲಿ ಬಂದೂಕು ಇದೆ ಅಂತ ಗೊತ್ತಿದ್ದೂ ನಡೆಯೋದು ಅಂದ್ರೆ ಏನು ಅಂತ ಅಲ್ಲಿ ನಿಂತಾಗ ಅರ್ಥ ಆಯ್ತು, ಕಣ್ಣಲ್ಲಿ ನೀರು ಬಂತು, ಗಾಳಿಗೋ ಯಾತಕ್ಕೋ.

ಹತ್ತಿರದಲ್ಲೇ ಫಿನ್‌ಲ್ಯಾಂಡ್ ಸ್ಟೇಷನ್ನು, ಮುಂದೆ ಶಸ್ತ್ರಸಜ್ಜಿತ ಕಾರಿನ ಮೇಲೆ ಕೈ ಚಾಚಿ ನಿಂತ ಲೆನಿನ್ ಪ್ರತಿಮೆ, 1926ರದು. ಅವರು ಇಲ್ಲಿ ಬಂದಿಳಿದಿದ್ದು ಹಳೇ ಲೆಕ್ಕದ ಏಪ್ರಿಲ್ 3ಕ್ಕೆ, ಜಾರ್ ಇಳಿದು ತಿಂಗಳಾದ ಮೇಲೆ. ಅದೇ ವರ್ಷ ಜನವರಿಲಿ ಜ್ಯೂರಿಕಲ್ಲಿ ಯುವಕರ ಮುಂದೆ ಮಾತಾಡ್ತಾ, ಬರೋ ಕ್ರಾಂತಿಯ ನಿರ್ಣಾಯಕ ಹೋರಾಟ ನೋಡೋಕೆ ನಮ್ಮಂಥ ಹಿರಿಯರು ಬದುಕಿರ್ತೀವೋ ಇಲ್ವೋ ಅಂದಿದ್ರು. ಸುಖಾನೊವ್ ಅಂತ ಇನ್ನೊಬ್ಬ ಸಮಾಜವಾದಿ, ಏಳು ಸಂಪುಟದಲ್ಲಿ 1917ರ ನೆನಪು ಬರೆದೋರು. ಫೆಬ್ರವರಿ 21ಕ್ಕೆ ಆಫೀಸಲ್ಲಿ ಕೂತಿದ್ದಾಗ ಪಕ್ಕದಲ್ಲಿ ಇಬ್ಬರು ಟೈಪಿಸ್ಟ್ ಹುಡುಗಿಯರು ಕ್ಯೂಗಳ ಗಲಾಟೆ ಬಗ್ಗೆ ಮಾತಾಡ್ತಾ ಇದು ಕ್ರಾಂತಿ ಶುರು ಆದ ಹಾಗೆ ಕಣೆ ಅಂದಿದ್ದು ಅವರ ಕಿವಿಗೆ ಬಿತ್ತು. ಈ ಹುಡುಗಿಯರಿಗೆ ಕ್ರಾಂತಿ ಅಂದ್ರೇನು ಗೊತ್ತು ಅಂತ ಅವರು ನಂಬಲೇ ಇಲ್ಲ. ಎರಡೇ ದಿನ! ಪಾಪ, ಅದೇ ವರ್ಷ ಅಕ್ಟೋಬರ್ 10ಕ್ಕೆ ಬೊಲ್ಶೆವಿಕ್ ಕೇಂದ್ರ ಸಮಿತಿ ಸಶಸ್ತ್ರ ದಂಗೆಗೆ ಎರಡರ ವಿರುದ್ಧ ಹತ್ತು ಮತದಿಂದ ತೀರ್ಮಾನ ಮಾಡಿದ್ದು ಇವರ ಮನೇಲೇ, ಕಾರ್ಪೊವ್ಕಾ ದಡದ 32ನೇ ನಂಬರ್ ಕಟ್ಟಡದಲ್ಲಿ. ಹೆಂಡತಿ ಬೊಲ್ಶೆವಿಕ್, ಇವರಿಗೆ ಆವತ್ತು ಮನೆಗೆ ಬರಬೇಡಿ ಅಂತ ಹೇಳಿ ಕಳ್ಸಿದ್ರಂತೆ. ಆ ಕಟ್ಟಡ ಹೊರಗಿಂದ ನೋಡ್ದೆ. ಸುಖಾನೊವ್‌ನ 1940ರಲ್ಲಿ ಗುಂಡಿಟ್ಟು ಕೊಂದ್ರು.

ನ್ಯಾಷನಲ್ ಲೈಬ್ರರಿಯ ಪತ್ರಿಕೆ ವಿಭಾಗದಲ್ಲಿ ಎರಡು ದಿನ ಕೂತೆ. ಮೊದಲ ದಿನ ಪೂರ್ತಿ ಹಾಳಾಯ್ತು, ಮಾರ್ಚ್ 8ರ ಸಂಚಿಕೆ ಕೇಳಿಬಿಟ್ಟಿದ್ದೆ, ಹದಿಮೂರು ದಿನ ಕಳೀಬೇಕು ಅನ್ನೋದು ಕ್ಲಾಸಲ್ಲಿ ಮಕ್ಕಳಿಗೆ ವರ್ಷಾ ವರ್ಷಾ ಹೇಳ್ಕೊಡೋಳು ನಾನೇ. ಮಾರನೇ ದಿನ ಸರಿಯಾದ ತಾರೀಖಿಂದ ನೋಡಿದ್ರೆ, ಉದಾರವಾದಿಗಳ ರೆಚ್ ಪತ್ರಿಕೆ ಫೆಬ್ರವರಿ ಕೊನೇ ವಾರದಿಂದ ನೇರವಾಗಿ ಮಾರ್ಚ್ 5ಕ್ಕೆ ಹಾರುತ್ತೆ. ಪ್ರೆಸ್ ಕೆಲಸಗಾರರೂ ಮುಷ್ಕರದಲ್ಲಿದ್ರಲ್ಲ. ಮೂರು ಶತಮಾನದ ರೊಮಾನೊವ್ ವಂಶ ಬಿದ್ದ ವಾರಕ್ಕೆ ದೊಡ್ಡ ಪತ್ರಿಕೆಗಳೇ ಇಲ್ಲ, ವರದಿಗಾರರು ಸೇರಿ ತಂದ ಇಜ್ವೆಸ್ತಿಯಾ (ಅಂದ್ರೆ ಸುದ್ದಿ), ಸೋವಿಯತ್ತಿನ, ಅಂದ್ರೆ ಕಾರ್ಮಿಕರ, ಸೈನಿಕರ ಸಭೆಯ ಇಜ್ವೆಸ್ತಿಯಾ, ಇಂಥ ಹಾಳೆಗಳಷ್ಟೇ. ಆ ಖಾಲಿ ಜಾಗ ವದಂತಿ ತುಂಬ್ತು. ಪೀಟರ್ಸ್‌ಬರ್ಗಿನ ಇತಿಹಾಸಕಾರ ಬೋರಿಸ್ ಕೊಲೊನಿತ್ಸ್ಕಿ ಅವರು ಇಂಥ ವದಂತಿಗಳನ್ನೇ, ರಾಣಿ ಬಗ್ಗೆ ಬೀದೀಲಿ ಹಬ್ಬಿದ ಮಾತುಗಳನ್ನೇ ದಾಖಲೆ ಅಂತ ಇಟ್ಕೊಂಡು ಕೆಲಸ ಮಾಡಿದಾರೆ.

ಹೆಂಗಸರು ಬೀದಿಗೆ ಬಂದಿದ್ದು ಪಾರ್ಟಿ ಹೇಳಿದ್ದಕ್ಕಲ್ಲ ಅಂತ ಹೇಳೋದು ಒಂದು ಕಾಲದಲ್ಲಿ ಸುಲಭ ಇರ್ಲಿಲ್ಲ. 1956ರಲ್ಲಿ ಎದುವಾರ್ದ್ ಬುರ್ದ್‌ಜಾಲೊವ್ ಅನ್ನೋ ಸೋವಿಯತ್ ಇತಿಹಾಸಕಾರ 1917ರ ಮಾರ್ಚಲ್ಲಿ ಬೊಲ್ಶೆವಿಕರಿಗೇ ದಾರಿ ಸ್ಪಷ್ಟ ಇರ್ಲಿಲ್ಲ, ಸ್ಟಾಲಿನ್ ನಿಲುವೂ ತಪ್ಪಿತ್ತು ಅನ್ನೋದನ್ನ ದಾಖಲೆ ಇಟ್ಟು ಬರೆದ್ರು. ಮಾರನೇ ವರ್ಷ ಅವರು ಉಪಸಂಪಾದಕರಾಗಿದ್ದ ಪತ್ರಿಕೆಯಿಂದ ತೆಗೆದು ಹಾಕಿದ್ರು. ಅವರು ಬಿಡ್ಲಿಲ್ಲ, ಹತ್ತು ವರ್ಷ ಆದ್ಮೇಲೆ 1967, 1971ರಲ್ಲಿ ಎರಡು ಸಂಪುಟ ತಂದ್ರು, ಫೆಬ್ರವರಿ ಬಗ್ಗೆನೇ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರೋ ಹೆಸರು ಅವರದು.

ಅರಮನೆ ಚೌಕಕ್ಕೆ ಕೊನೇ ಭಾನುವಾರ ಹೋದೆ, ಜಾರನ ಅರಮನೆ ಈಗ ಹರ್ಮಿಟಾಜ್ ಮ್ಯೂಸಿಯಂ, ಅದರ ಒಳಗೆ ಸಣ್ಣ ಊಟದ ಕೋಣೇಲಿ, ಜಾರ್ ಇಳಿದ ಮೇಲೆ ಬಂದ ತಾತ್ಕಾಲಿಕ ಸರ್ಕಾರದ ಮಂತ್ರಿಗಳನ್ನ ಅಕ್ಟೋಬರಲ್ಲಿ ಬಂಧಿಸಿದ ಗಳಿಗೆ 2.10ಕ್ಕೆ ನಿಲ್ಲಿಸಿಟ್ಟಿದ್ದ ಗಡಿಯಾರ ಇದೆ, 2017ರಲ್ಲಿ ಮತ್ತೆ ಓಡಿಸಿದ್ರು, ಈಗ ಟಿಕ್ ಟಿಕ್ ಅಂತಿದೆ. ನಮ್ಮಪ್ಪ ಸೋವಿಯತ್ ಲ್ಯಾಂಡ್ ಅನ್ನೋ ಪತ್ರಿಕೆ ತರಿಸ್ತಿದ್ರು, ಆ ನುಣುಪು ಹಾಳೆ ನಮ್ಮ ನೋಟ್‌ಬುಕ್ಕಿಗೆ ಬೈಂಡು. ಈ ಚೌಕದಲ್ಲಿ ಜನಸಮೂಹ ಅರಮನೆಗೆ ನುಗ್ಗೋ ಫೋಟೋ ತುಂಬಾ ಪುಸ್ತಕದಲ್ಲಿ ನೋಡಿರ್ತೀರಿ. ಅದು 1917ರದಲ್ಲ, 1920ರಲ್ಲಿ ಯೆವ್ರೇಯ್ನೊವ್ ಅನ್ನೋ ನಾಟಕ ನಿರ್ದೇಶಕರು ಸಾವಿರಾರು ಜನರನ್ನ ಸೇರಿಸಿ ಇಲ್ಲೇ ಆಡಿಸಿದ ಬಯಲು ನಾಟಕದ ಚಿತ್ರ, ವರ್ಷಗಟ್ಟಲೆ ಅಸಲಿ ಅಂತ ಅಚ್ಚಾಗಿದೆ. ಬ್ರೆಡ್ ಬಾಲದ ಫೋಟೋ ಯಾಕೆ ಯಾರ ಮನಸ್ಸಲ್ಲೂ ಇಲ್ಲ ಅಂತ ಅಲ್ಲಿ ನಿಂತು ಬೇಜಾರಾಯ್ತು. ವಾಪಸ್ ಬರ್ತಾ ಮಾರ್ಸೊವೊ ಮೈದಾನ. ಫೆಬ್ರವರಿಲಿ ಸತ್ತವರಲ್ಲಿ 180ಕ್ಕೂ ಹೆಚ್ಚು ಜನರನ್ನ ಪಾದ್ರಿ, ಪ್ರಾರ್ಥನೆ ಏನೂ ಇಲ್ದೆ ಇಲ್ಲಿ ಮಣ್ಣು ಮಾಡಿದ್ರು. ಮಧ್ಯೆ 1957ರಿಂದ ಆರದೆ ಉರೀತಿರೋ ಬೆಂಕಿ. ಕೈ ಕಾಯಿಸ್ಕೊಂಡು ತುಂಬಾ ಹೊತ್ತು ಕೂತಿದ್ದೆ.

ಆರ್ಕೈವಿನ ಪ್ರತಿ ಫೈಲಲ್ಲೂ ಒಂದು ಹಾಳೆ ಅಂಟಿಸಿರ್ತಾರೆ, ಅದನ್ನ ಯಾರು, ಯಾವತ್ತು, ಯಾತಕ್ಕೆ ಓದಿದ್ರು ಅಂತ ಓದಿದವರೇ ಬರೀಬೇಕು. ಹಿಟ್ಟಿನ ಟೆಲಿಗ್ರಾಂ ಫೈಲಿನ ಹಾಳೇಲಿ 50ರ ದಶಕದ ಒಂದು ಹೆಸರು, 60ರ ದಶಕದ ಎರಡು, ಆಮೇಲೆ ಮೂವತ್ತು ವರ್ಷ ಯಾರೂ ಇಲ್ಲ, ಮತ್ತೆ ಒಬ್ರು. ಅವರ್ಯಾರನ್ನೂ ನಾನು ನೋಡಿಲ್ಲ. ಆದ್ರೆ ಹದಿನೈದು ದಿನ ಅವರು ತಿರುವಿದ ಹಾಳೆನೇ ತಿರುವಿದೀನಿ, ಅವರಿಗೂ ಆ ಕೈಬರಹ ಇಷ್ಟೇ ಕಷ್ಟ ಆಗಿರ್ಬೇಕು. ಕೊನೇ ದಿನ ಅವರ ಕೆಳಗೆ ತಾರೀಖು ಹಾಕಿ, ನನ್ನ ಹೆಸರನ್ನ ರಷ್ಯನ್ ಅಕ್ಷರದಲ್ಲಿ ಕೂಡಿಸಿ ಬರೆದು, ಮುಂದೆ ವೀಪಿಸ್ಕಿ, ಅಂದ್ರೆ ಟಿಪ್ಪಣಿ ಮಾಡ್ಕೊಂಡೆ ಅಂತ ಬರ್ದೆ. ಕೌಂಟರಲ್ಲಿದ್ದ ಹಿರಿಯ ಮೇಡಂ ಕನ್ನಡಕ ಸರಿ ಮಾಡ್ಕೊಂಡು ನೋಡಿ, ಎಷ್ಟರಿಂದ ಎಷ್ಟನೇ ಹಾಳೆ ಅಂತ ಬಿಟ್ಟಿದೀರಲ್ಲ ಅಂತ ಬೆರಳಿಟ್ಟು ತೋರಿಸಿದ್ರು. 12ರಿಂದ 47 ಅಂತ ಬರೆದು ಕೊಟ್ಟೆ.